ಉರಿಯದ ಮುಖ

ಕನ್ನಡಕದ ಅಂಗಡಿಯಲ್ಲಿ ಅವನನ್ನು ಎಲ್ಲರೂ ನುಣುಪಣ್ಣ ಎಂದೇ ಕರೆಯುತ್ತಿದ್ದರು. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಸರಿಮಾಡುವ ಕೆಲಸ. ಮುಖಕ್ಕೂ ಮುಖಕ್ಕೂ ಗೇಣು ದೂರ. ಹಾಗಾಗಿ ದಿನಾ ಗಡ್ಡ ಬೋಳಿಸಿಕೊಂಡೇ ಬರಬೇಕೆಂದು ಮಾಲೀಕರ ಕಟ್ಟಪ್ಪಣೆ. ಉಳಿದವರ ಕತ್ತಿನಲ್ಲಿ ಗುಳ್ಳೆ, ಗೀರು ಇದ್ದದ್ದೇ. ಇವನ ಕೆನ್ನೆ ಮಾತ್ರ ಇಪ್ಪತ್ತೆರಡು ವರ್ಷ ತೊಳೆದಿಟ್ಟ ತಟ್ಟೆಯ ಹಾಗಿತ್ತು.

"ಮಾವ ಮದುವೇಲಿ ಕೊಟ್ಟ ರೇಜರ್ರು ಕಣ್ರಪ್ಪಾ. ನನ್ನ ಚರ್ಮಾನೂ ಅಂಥದ್ದೇ," ಎಂದು ಜಂಬ ಕೊಚ್ಚುತ್ತಿದ್ದ. ಗುಳ್ಳೆಯಾದವರಿಗೆ ಪುಕ್ಕಟೆ ಉಪದೇಶ ಬೇರೆ.

ಎರಡು ತಿಂಗಳ ಹಿಂದೆ ಹೆಂಡತಿ ಮನೆ ಬಿಟ್ಟು ತನ್ನ ತಂಗಿಯ ಮನೆಗೆ ಹೋದಳು. ಕೂಗಾಡಿ ಹೋಗಿದ್ದರೆ ಅವನಿಗೂ ಅರ್ಥವಾಗುತ್ತಿತ್ತೇನೋ. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಒಂದು ಪ್ರಶ್ನೆ ಕೇಳಿದ್ದಳು.

"ಈ ಮನೇಲಿ ನಿಮಗೋಸ್ಕರ ನಾನು ಏನೇನು ಮಾಡ್ತೀನಿ, ಐದು ಹೇಳಿ ನೋಡೋಣ. ಹೇಳಿದ್ರೆ ಇರ್ತೀನಿ."

ಪೇಪರಿನಿಂದ ಕಣ್ಣು ಕೀಳದೆ, "ಅಡುಗೆ ಮಾಡ್ತೀಯ. ಬಟ್ಟೆ ಒಗೀತೀಯ," ಎಂದ. ಮೂರನೆಯದಕ್ಕೆ ತಡವರಿಸಿ, "ಮತ್ತೆ... ಮನೇಲಿ ಇರ್ತೀಯ," ಎಂದ.

ಅವಳು ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು. ಸಂಜೆ ಅವನು ಬಂದಾಗ ಬಾಗಿಲ ಬಳಿ ಅವಳ ಚಪ್ಪಲಿ ಇರಲಿಲ್ಲ.

ಮಕ್ಕಳಿಲ್ಲದ ಮನೆ. ಅಂಗಡಿಯಿಂದ ಬಂದು ಬೀಗ ತೆಗೆದರೆ ಮತ್ತೆ ಮರುದಿನ ಬೀಗ ಹಾಕುವವರೆಗೆ ಅವನ ಬಾಯಿಗೆ ಕೆಲಸವೇ ಇರಲಿಲ್ಲ. ಫೋನ್ ಮಾಡೋಣವೆಂದುಕೊಳ್ಳುತ್ತಿದ್ದ. ಆದರೆ ಅವಳು ಮತ್ತೆ ಅದೇ ಪ್ರಶ್ನೆ ಕೇಳಿದರೆ? ಮೂರಕ್ಕಿಂತ ಮುಂದೆ ಅವನಿಗೆ ಇನ್ನೂ ಹೋಗಲಾಗಿರಲಿಲ್ಲ.

ಎರಡನೆಯ ವಾರಕ್ಕೆ ಮುಖ ಉರಿಯತೊಡಗಿತು. ಮೊದಲು ಕತ್ತು ಕೆಂಪಾಯಿತು, ಆಮೇಲೆ ದವಡೆಯುದ್ದಕ್ಕೂ ಗುಳ್ಳೆಗಳೆದ್ದವು. ಸೋಪು ಬದಲಿಸಿದ. ಘಮಘಮಿಸುವ ಲೋಷನ್ ಸುರಿದುಕೊಂಡು, ಕೆಂಡ ಮೆತ್ತಿದಂತಾಗಿ ಬಚ್ಚಲಲ್ಲೇ ಕುಣಿದ. ಕೂದಲು ಉಳಿಯಿತೆಂದು ಇನ್ನಷ್ಟು ಒತ್ತಿ, ಕೆಳಗಿನಿಂದ ಮೇಲಕ್ಕೆ ಎರಡೆರಡು ಸಲ ಎಳೆದ. ಊರಿಗೆಲ್ಲ ಉಪದೇಶ ಹೇಳಿದವನ ಪಾಡು ಇದು.

ಒಂದು ದಿನ ಫ್ರೇಮು ಕೂರಿಸಲು ಬಗ್ಗಿದಾಗ, ಗಿರಾಕಿ ಹೆಂಗಸೊಬ್ಬಳು ತಲೆ ಹಿಂದಕ್ಕೆಳೆದುಕೊಂಡಳು. "ಅದು ಅಂಟುತ್ತಾ?" ಎಂದು ಕೇಳಿಯೂ ಬಿಟ್ಟಳು. ಎರಡು ತಿಂಗಳಲ್ಲಿ ಅವನ ಮುಖದ ಬಗ್ಗೆ ವಿಚಾರಿಸಿದ ಮೊದಲ ವ್ಯಕ್ತಿ ಅವಳೇ. ಅವನಿಗೆ ಅಳು ಬಂದಂತಾಯಿತು. ಮಾಲೀಕರು ಕರೆದು, "ಯಾರಾದ್ರೂ ತಿಳಿದೋರಿಗೆ ತೋರ್ಸಯ್ಯ, ಇವತ್ತೇ," ಎಂದು ಬೇಗ ಕಳಿಸಿಕೊಟ್ಟರು.

ಬೀದಿಯ ಕೊನೆಯ ಕ್ಷೌರದಂಗಡಿಯವನು ಗಲ್ಲವನ್ನು ಬೆಳಕಿಗೆ ತಿರುಗಿಸಿ ನೋಡಿದ. "ಬ್ಲೇಡು ಯಾವಾಗ ಬದಲಾಯಿಸಿದ್ರಿ, ಯಜಮಾನ್ರೇ?"

"ಅದು ಒಳ್ಳೇ ರೇಜರ್ರು. ಮಾವ ಕೊಟ್ಟಿದ್ದು."

"ರೇಜರ್ ಅಲ್ಲ ಸ್ವಾಮಿ, ಬ್ಲೇಡು. ಯಾರು ತರ್ತಾರೆ? ಬ್ಲೇಡೇನು ಗಿಡದಲ್ಲಿ ಬಿಡುತ್ತಾ?"

ನುಣುಪಣ್ಣನ ಪಾಲಿಗೆ ಡಬ್ಬಿಯಲ್ಲಿ ಉಪ್ಪಿರುವ ಹಾಗೆ ರೇಜರಿನಲ್ಲಿ ಬ್ಲೇಡಿರುತ್ತಿತ್ತು, ಅಷ್ಟೇ. ಕ್ಷೌರದವನು ತಲೆ ಚಚ್ಚಿಕೊಂಡು, ಬಿಸಿನೀರಿನಲ್ಲಿ ಹಿಂಡಿದ ಟವೆಲನ್ನು ಅವನ ಮುಖಕ್ಕೆ ಸುತ್ತಿದ. "ಎರಡು ನಿಮಿಷ ಹೀಗೇ ಇರಿ. ಕೂದಲು ಮೆತ್ತಗಾಗ್ಲಿ."

ಆ ಬಿಸಿ ಅವನಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಹೆಂಡತಿ ಇಂಥದ್ದೇ ಟವೆಲನ್ನು ಕೈಗಿಡುತ್ತಿದ್ದಳು. "ತಗೊಳ್ರೀ, ನಿದ್ದೆ ಇನ್ನೂ ಮುಖದ ಮೇಲೇ ಇದೆ." ಅವನು ಅದನ್ನು ಮುಖಕ್ಕೆ ಒತ್ತಿಕೊಂಡು ಕೂತಿರುತ್ತಿದ್ದ, ಅವಳ ಜೊತೆ ಮಾತಾಡುವುದು ತಪ್ಪಲಿ ಎಂದು. ಅವಳು ಆಚೆ ಹೋದ ಮೇಲೆಯೇ ತೆಗೆಯುತ್ತಿದ್ದ. ಇವತ್ತು ಟವೆಲಿನೊಳಗೆ ಅವನು ಅತ್ತ. ಒದ್ದೆ ಟವೆಲು, ಯಾರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದವನೇ ಬಚ್ಚಲಿನ ಗೂಡಿನ ಬಾಗಿಲು ತೆಗೆದ. ಮೇಲಿನ ಹಲಗೆಯ ಮೂಲೆಯಲ್ಲಿ ಬ್ಲೇಡಿನ ಪೊಟ್ಟಣ, ಬಾಗಿಲ ಒಳಮೈಯಲ್ಲಿ ಪೆನ್ಸಿಲ್ ಗೀಟುಗಳು. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ; ಮತ್ತೆ ನಾಲ್ಕು, ಮತ್ತೊಂದು ಅಡ್ಡ. ಐದು ಸಲ ಬೋಳಿಸಿದರೆ ಒಂದು ಹೊಸ ಬ್ಲೇಡು. ಬಾಗಿಲು ತುಂಬಿದಾಗ ಒರೆಸಿ ಮತ್ತೆ ಎಳೆದ ಗುರುತು. ಕೊನೆಯ ಗುಂಪಿನಲ್ಲಿ ಎರಡೇ ಗೀಟುಗಳಿದ್ದವು. ಅವನು ದಿನಾ ತೆಗೆಯುತ್ತಿದ್ದ ಬಾಗಿಲೇ ಅದು.

ಫೋನ್ ಎತ್ತಿದ್ದು ನಾದಿನಿ. "ಭಾವ?" ಎಂದು ಬೆರಗಾಗಿ, ಏನೂ ಕೇಳದೆ ಅಕ್ಕನ ಕೈಗೆ ಕೊಟ್ಟಳು.

"ನಾಲ್ಕನೇದು ಬಿಸಿ ಟವೆಲ್ಲು," ಎಂದ ಅವನು. "ಐದನೇದು ಬ್ಲೇಡು."



"ಮುಖ ಉರೀತಿದೆಯಾ?" ಎಂದಳು.

"ಹ್ಞೂಂ."

"ಕೂದಲು ಬೆಳೆದ ದಿಕ್ಕಿಗೇ ಎಳೀರಿ. ಒತ್ತಬೇಡಿ. ಆದ್ಮೇಲೆ ತಣ್ಣೀರು ಹಾಕ್ಕೊಳ್ಳಿ, ಲೋಷನ್ ಗೀಷನ್ ಬೇಡ."

"ಐದು ಆಯ್ತಲ್ಲ. ಬರ್ತೀಯಾ?"

"ಒಂದು ಕೇಳ್ತೀನಿ, ನಿಜ ಹೇಳ್ರೀ. ಮುಖ ಉರೀದೇ ಇದ್ದಿದ್ರೆ ಫೋನ್ ಮಾಡ್ತಿದ್ರಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇಪ್ಪತ್ತೆರಡು ವರ್ಷ ಆ ಟವೆಲಿನ ನೆಪಕ್ಕೆ ಮೋಸ ಹೋದವಳಿಗೆ ಇನ್ನೊಂದು ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

"ಇಲ್ಲ ಅನ್ಸುತ್ತೆ," ಎಂದ.

"ನಿಜ ಹೇಳಿದ್ರಲ್ಲ, ಅಷ್ಟು ಸಾಕು," ಎಂದಳು ಮೆತ್ತಗೆ. "ಇಡ್ತೀನ್ರೀ."

ಮರುದಿನ ಬೆಳಿಗ್ಗೆ ಅವನೇ ನೀರು ಕಾಯಿಸಿದ. ಟವೆಲು ಹಿಂಡಿ ಮುಖಕ್ಕೆ ಒತ್ತಿಕೊಂಡು ಎರಡು ನಿಮಿಷ ಕೂತ. ಯಾವ ಮಾತು ತಪ್ಪಿಸಿಕೊಳ್ಳಬೇಕೆಂದು ಕೂರುತ್ತಿದ್ದನೋ ಆ ಮಾತಿಗಾಗಿ ಕಿವಿ ಕಾಯುತ್ತಿತ್ತು. ಹೊಸ ಬ್ಲೇಡು ಹಾಕಿದ, ಕೂದಲ ದಿಕ್ಕಿಗೇ ಎಳೆದ, ಒತ್ತಲಿಲ್ಲ. ತಣ್ಣೀರು ಹಾಕಿಕೊಂಡ. ಗೂಡಿನ ಬಾಗಿಲಲ್ಲಿ ಅವಳ ಎರಡು ಗೀಟುಗಳನ್ನು ಹಾಗೇ ಬಿಟ್ಟು, ಕೆಳಗೆ ತನ್ನದೊಂದು ಎಳೆದ.

ಆಮೇಲೆ ಕನ್ನಡಿಯ ಮುಂದೆ ನಿಂತು ಕಾದ. ಐದು ನಿಮಿಷವಾಯಿತು, ಹತ್ತಾಯಿತು. ಮುಖ ಉರಿಯಲಿಲ್ಲ. ಉರಿದಿದ್ದರೆ ಅವಳಿಗೆ ಇನ್ನೊಂದು ಸಲ ಫೋನ್ ಮಾಡಲು ನೆಪವಾದರೂ ಇರುತ್ತಿತ್ತು.