ಕಾಣದ ನೌಕೆಗಳ ಪರೀಕ್ಷೆ

ಮೂರು ವರ್ಷದಿಂದ ಅವಳದು ಒಂದೇ ಹಟ. ಅಣ್ಣ ಕಟ್ಟಿದ ಪುಟ್ಟ ಗೇಮ್ ಕಂಪನಿಗಾಗಿ ಅವಳು ರೂಪಿಸುತ್ತಿದ್ದ ಬಾಹ್ಯಾಕಾಶ ಯುದ್ಧದ ಆಟದಲ್ಲಿ ನೌಕೆಗಳು ಕದ್ದು ಸಾಗುವಂತಿರಬೇಕು. ಉರಿಯುವ ಎಂಜಿನ್ ಆರಿಸಿಬಿಟ್ಟರೆ ಶತ್ರುವಿನ ರಾಡಾರಿಗೆ ಕಾಣಬಾರದು, ಆದರೆ ಹಾಗೆ ಹೋಗುವಾಗ ಆಮೆಯ ನಡಿಗೆ. ಅಣ್ಣನಿಗೋ, ಒಂದು ನಕ್ಷತ್ರದ ಬಾಗಿಲಲ್ಲಿ ನುಗ್ಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದರ ಬಾಗಿಲಲ್ಲಿ ಹೊರಬೀಳಬೇಕು. ಬಸ್ಸಿಗೆ ಕಾಯುವ ತಾಳ್ಮೆಯೂ ಇಲ್ಲದ ಮನುಷ್ಯ, ಇನ್ನೇನು ಹೇಳಿಯಾನು.

ಕೊನೆಗೊಂದು ಒಪ್ಪಂದವಾಯಿತು. ಶುಕ್ರವಾರ ಮಧ್ಯಾಹ್ನ ಅಣ್ಣ ತಂಗಿ ಎದುರುಬದುರು ಕೂತು ಆಡುವುದು. ಅಣ್ಣನಿಗೆ ಹಿಡಿಸಿದರೆ ಅವಳ ಕಲ್ಪನೆ ಉಳಿಯುತ್ತದೆ, ಇಲ್ಲದಿದ್ದರೆ ಅದನ್ನು ಅವಳೇ ಕಿತ್ತುಹಾಕಬೇಕು. ಆ ಕಚೇರಿಯಲ್ಲಿ ಒಂದು ಕಟ್ಟುನಿಟ್ಟಿತ್ತು: ಹೊಸದನ್ನು ಪರೀಕ್ಷಿಸುವವರ ಮುಂದೆ ಅದನ್ನು ಮಾಡಿದವರು ಬಾಯಿ ಬಿಡುವಂತಿಲ್ಲ. ಆ ನಿಯಮ ಬರೆದು ಗೋಡೆಗೆ ಅಂಟಿಸಿದ ಜಾಣೆಯೂ ಅವಳೇ.

ಅಣ್ಣ ಗಡಿಯುದ್ದಕ್ಕೂ ಕಾವಲು ಹಾಕಿದ. ಅವಳು ಹನ್ನೆರಡು ನೌಕೆಗಳ ಎಂಜಿನ್ ಆರಿಸಿ, ಒಂದು ಧೂಮಕೇತುವಿನ ಮರೆಯಲ್ಲಿ ತೇಲಿಬಿಟ್ಟಳು. ಒಬ್ಬರಾದ ಮೇಲೆ ಒಬ್ಬರು ನಡೆ ಇಡುವ ಆಟ ಅದು; ಸರದಿಯ ಮೇಲೆ ಸರದಿ ಕಳೆಯಿತು. ಅಣ್ಣನ ಪರದೆಯಲ್ಲಿ ಒಂದು ಚುಕ್ಕೆಯೂ ಅಲುಗಲಿಲ್ಲ. ಅವಳ ಪರದೆಯಲ್ಲಿ ಮಾತ್ರ ಪಡೆ ಆ ಕಾವಲಿನ ಮೂಗಿನಡಿಯಲ್ಲೇ ದಾಟಿತ್ತು. ಅವನ ರಾಜಧಾನಿ ಗ್ರಹಕ್ಕೆ ಇನ್ನು ಎರಡೇ ಸರದಿ. ಅಣ್ಣ ಆಕಳಿಸಿದ, ಮೈ ಮುರಿದ, ಕೊನೆಗೆ ಮೌಸ್ ಬಿಟ್ಟು ಎದ್ದೇಬಿಟ್ಟ.

"ಏನೂ ಆಗ್ತಾನೇ ಇಲ್ವಲ್ಲೇ. ಬೋರು. ತೆಗೆದುಬಿಡು."

ಗೋಡೆಯ ಮೇಲಿನ ನಿಯಮ ನೋಡಿ ಅವಳು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದಳು. ಅವನು ಕಾಫಿಗೆ ಹೋದದ್ದೇ ತಡ, ಅವನ ಎರಡು ಸರದಿಗಳನ್ನೂ ತಾನೇ ಒತ್ತಿ ಮುಗಿಸಿದಳು. ರಾಜಧಾನಿ ಬಿದ್ದುಹೋಯಿತು.

ಲೋಟ ಹಿಡಿದು ಬಂದ ಅಣ್ಣ ಪರದೆ ನೋಡಿ ಹಾಗೇ ನಿಂತ. ಇವು ಯಾವಾಗಿನಿಂದ ಬರುತ್ತಿದ್ದವು ಎಂದು ಕೇಳಿದ. ನಲವತ್ತು ನಿಮಿಷದಿಂದ, ನಿನ್ನ ಕಣ್ಣೆದುರೇ, ಎಂದಳು. ಅವನು ಕೂತು, ಪಡೆ ಬಂದ ದಾರಿಯನ್ನು ಮೊದಲಿನಿಂದ ಓಡಿಸಿ ಎರಡೆರಡು ಸಲ ನೋಡಿದ. ಅವಳಿಗೆ ಆಸೆ ಚಿಗುರಿತು.

"ಚೆನ್ನಾಗಿದೆ ಕಣೇ, ಇಟ್ಕೊಳ್ಳೋಣ," ಎಂದ. "ಆದ್ರೆ ಸೋಲೋನಿಗೆ ಮೊದಲೇ ಗೊತ್ತಾಗ್ಬೇಕು, ಇಲ್ದಿದ್ರೆ ಮೋಸ ಅಂತಾರೆ. ಎಂಜಿನ್ ಆರಿಸಿದ ನೌಕೆ ಮೇಲೆ ಒಂದು ಕೆಂಪು ದೀಪ ಹಾಕು. ಎಲ್ಲರಿಗೂ ಕಾಣೋ ಹಾಗೆ."

ದೀಪ ಹಚ್ಚಿಕೊಂಡು ಕದ್ದು ಹೋಗುವುದು ಹೇಗೆ ಎಂದು ಅವಳು ಗಂಟಲು ಹರಿಯುವಂತೆ ವಾದಿಸಿದಳು. ನಿನ್ನದನ್ನು ಉಳಿಸಿಕೊಟ್ಟಿದ್ದೇನಲ್ಲ, ಇನ್ನೂ ಏನು ನಿನ್ನ ರಾಗ ಎಂದ ಅಣ್ಣ. ಕಿತ್ತುಹಾಕು ಎಂದಿದ್ದರೂ ಅವಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸಂಜೆ ಐದರ ಹೊತ್ತಿಗೆ ಹನ್ನೆರಡು ನೌಕೆಗಳೂ ಕಪ್ಪು ಬಾನಿನಲ್ಲಿ ಕೆಂಪಗೆ ಮಿಣುಕುತ್ತ ಹೊರಟವು. ಅಣ್ಣ ಗಡಿಯಲ್ಲೇ ಒಂದೊಂದನ್ನೂ ಹುಡುಕಿ ಹೊಡೆದುರುಳಿಸಿದ. ಆಮೇಲೆ ಅವಳ ಕಡೆ ತಿರುಗಿ, ಈಗ ನೋಡು ಎಷ್ಟು ಮಜವಾಗಿದೆ ಎಂದ.