ಖಾಲಿ ಕುರ್ಚಿಗಳ ಕಿವಿ

ತೂತು ಕಂಡರೆ ಬಡಗಿಯ ಕೈ ಸುಮ್ಮನಿರುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿತೆಂದರೆ ಅಲ್ಲೊಂದು ಪಟ್ಟಿ ಕೂತಿತೆಂದೇ ಲೆಕ್ಕ. ಗೋಡೆಯಲ್ಲಿ ಇಲಿಬಿಲ ಕಂಡರೆ ಅದರ ಬಾಯಿಗೊಂದು ಮರದ ಚಕ್ಕೆ. ಯಾರ ಮನೆಗೆ ಊಟಕ್ಕೆ ಹೋದರೂ ತಟ್ಟೆಗೆ ಕೈ ಹಾಕುವ ಮೊದಲು ಅವರ ಮೇಜಿನಲ್ಲಿ ಮರದ ಗಂಟು ಉದುರಿ ತೂತಾದ ಜಾಗವನ್ನು ಬೆರಳಿನಿಂದ ಸವರಿ, "ಇದನ್ನು ಹೀಗೇ ಬಿಟ್ಟಿದ್ದೀರಲ್ಲ" ಎಂದು ಮರುಗುತ್ತಿದ್ದ. ಬೀದಿಯವರು ಅವನಿಗೆ ಬಿರಡೆ ಎಂದು ಹೆಸರಿಟ್ಟಿದ್ದರು. ಚಿಕ್ಕವರಿಗೆ ಬಿರಡೆ ಮಾವ, ದೊಡ್ಡವರಿಗೆ ಬರೀ ಬಿರಡೆ. ಅವನಿಗೆ ಬೇಸರವೇನೂ ಇರಲಿಲ್ಲ. ಭಗವಂತ ಕೊಟ್ಟ ಮರವನ್ನು ಕೊರೆದು ಹಾಳು ಮಾಡಿದವರು ನಾವು, ಮುಚ್ಚಿ ಮಾನ ಉಳಿಸಬೇಕಾದವರೂ ನಾವೇ ಎಂಬುದು ಅವನ ನಂಬಿಕೆ. ಯಾವ ಹಲಗೆಗೆ ಉಳಿ ಇಡುವಾಗಲೂ ಒಂದು ಗಳಿಗೆ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಆ ಮರದ ಅಪ್ಪಣೆ ಕೇಳುತ್ತಿದ್ದ.

ಅವನ ಮನೆಯಿದ್ದ ಬೀದಿಯ ತುದಿಯಲ್ಲಿ ಊರಿನ ಹಳೆಯ ಚಿತ್ರಮಂದಿರವಿತ್ತು. ಈಗಿನ ಯಜಮಾಂತಿಯ ಅಜ್ಜ ಕಟ್ಟಿಸಿದ್ದು. ಮೊದಲು ಅಲ್ಲಿ ನಾಟಕ ಆಡುತ್ತಿದ್ದರು. ಆಮೇಲೆ ಮೂಕಿಚಿತ್ರ ಬಂತು, ತೆರೆಯ ಮುಂದೆ ವಾದ್ಯದವರು ಕೂತು ಅಳುವ ಕಡೆ ಅಳುವ ರಾಗ, ಓಡುವ ಕಡೆ ಓಡುವ ರಾಗ ನುಡಿಸಿದರು. ಚಿತ್ರಗಳಿಗೆ ಬಾಯಿ ಬಂದ ವರ್ಷ ಆ ಅಜ್ಜ ಒಳಗಿದ್ದ ಬೆಂಚುಗಳನ್ನೆಲ್ಲ ಹೊರಗೆ ಹಾಕಿಸಿ, ಎದ್ದರೆ ತಾನಾಗಿ ಮಡಚಿಕೊಳ್ಳುವ ಕುರ್ಚಿಗಳನ್ನು ಮಾಡಿಸಿದ. ಅಲ್ಲಿಂದ ಮುಂದೆ ಆ ಬೀದಿಗೆ ಸಂಜೆಯೆಂದರೆ ಸಂಭ್ರಮ. ಟಿಕೆಟ್ಟಿನ ಸಾಲು ದರ್ಜಿಯ ಅಂಗಡಿ ದಾಟಿ, ಟೀ ಅಂಗಡಿ ಸುತ್ತಿ, ಬಿರಡೆಯ ಮನೆಯ ಮೆಟ್ಟಿಲಿಗೆ ಬಂದು ನಿಲ್ಲುತ್ತಿತ್ತು. ಕಾಲ ಸರಿಯಿತು. ಜನ ಮನೆಯೊಳಗೇ ಸಿನಿಮಾ ನೋಡಲು ಕಲಿತರು. ಒಂದು ದಿನ ಬಾಗಿಲಿಗೆ ಬೀಗ ಬಿತ್ತು, ಒಳಗೆ ಬಾವಲಿ ಸೇರಿತು. ಥಿಯೇಟರ್ ಮಲಗಿದ ಮೇಲೆ ಬೀದಿಗೂ ತೂಕಡಿಕೆ ಹತ್ತಿತು.

ಬೀಗ ತೆಗೆಸಿದವಳು ಬಿರಡೆಯ ಮಗಳು. ಬೇರೆ ಊರಿನ ಚಿತ್ರಮಂದಿರದಲ್ಲಿ ಟಿಕೆಟ್ ಹರಿದು, ಕಸ ಗುಡಿಸಿ, ಯಂತ್ರ ನಡೆಸುವುದನ್ನು ಕಲಿತು ಬಂದಿದ್ದಳು. ಬಂದವಳೇ ಯಜಮಾಂತಿಯ ಮನೆ ಬಾಗಿಲಲ್ಲಿ ಕೂತುಬಿಟ್ಟಳು. ಹೋಗು ಎಂದರೂ ಹೋಗಲಿಲ್ಲ. ನಾಳೆ ಬಾ ಎಂದರೆ ನಾಳೆ ಬಂದಳು.

"ನಿನ್ನ ಕಾಟ ತಡೆಯೋಕಾಗಲ್ಲ ಮಾರಾಯ್ತಿ," ಎಂದರು ಯಜಮಾಂತಿ ಕೊನೆಗೆ. "ಒಂದು ಮಾತು ಹೇಳ್ತೀನಿ ಕೇಳು. ಮೊದಲು ಒಂದು ಸಿನಿಮಾ ನನಗೆ ಹಾಕಿ ತೋರಿಸು. ನಮ್ಮಜ್ಜನ ಕಾಲದಲ್ಲಿ ಕೇಳಿಸಿದ ಹಾಗೆ ಕೇಳಿಸಿದ್ರೆ ಥಿಯೇಟರ್ ನೀನು ನಡೆಸು. ಇಲ್ಲ ಅಂದ್ರೆ ಗೋದಾಮಿಗೆ ಕೇಳ್ತಾ ಇದ್ದಾನೆ ಒಬ್ಬ, ಅವನಿಗೆ ಕೊಟ್ಟುಬಿಡ್ತೀನಿ. ಆಮೇಲೆ ಅತ್ತು ಕರೆದು ಮಾಡಬಾರದು."

"ಅಳಲ್ಲ ಅಮ್ಮಾವ್ರೇ, ನೀವು ಅಳೋ ಹಾಗೆ ಸಿನಿಮಾ ಹಾಕ್ತೀನಿ," ಎಂದು ನಕ್ಕಳು ಹುಡುಗಿ.

ಕುರ್ಚಿಗಳ ಕೆಲಸ ಅಪ್ಪನಿಗೆ ಬಂತು. ದಿಂಬಿನ ಕೆಲಸ ಅಮ್ಮನಿಗೆ. ಬಿರಡೆ ಮೊದಲ ಕುರ್ಚಿಯನ್ನು ಬಿಚ್ಚಿ, ಆಸನವನ್ನು ಬೋರಲು ಹಾಕಿ ನೋಡಿದವನೇ ಹಣೆ ಚಚ್ಚಿಕೊಂಡ. ಆಸನದ ಅಡಿಹಲಗೆಯ ತುಂಬ ಬೆರಳು ಹೋಗುವಷ್ಟು ದಪ್ಪದ ತೂತುಗಳು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

"ಯಾವನಪ್ಪ ಈ ಪುಣ್ಯಾತ್ಮ! ಜನರನ್ನು ಜರಡಿ ಮೇಲೆ ಕೂರಿಸಿದ್ದಾನಲ್ಲೇ!"

"ಇರಲಿ ಬಿಡ್ರಿ," ಎಂದಳು ಹೆಂಡತಿ, ಹತ್ತಿ ಬಿಡಿಸುತ್ತ. "ಇಷ್ಟು ವರ್ಷ ಅದರ ಮೇಲೆ ಕೂತವರು ಯಾರೂ ಕೆಳಗೆ ಸೋರಿ ಹೋಗಿಲ್ಲ."

"ನಿನಗೇನು ಗೊತ್ತು? ಯಾವುದೋ ಪೆಟ್ಟಿಗೆ ಒಡೆದ ಹಲಗೆ ತಂದು ಬಡಿದಿದ್ದಾನೆ. ನನ್ನ ಮಗಳ ಥಿಯೇಟರಲ್ಲಿ ಇಂಥದ್ದು ನಡೆಯಲ್ಲ."

ಆಮೇಲೆ ಅವನನ್ನು ಹಿಡಿಯುವವರು ಯಾರು? ಕೆಳಗಿನ ಹಾಲ್‌ನ ಒಂದೊಂದು ಕುರ್ಚಿಯ ಅಡಿಗೂ ಹೊಸ ಹಲಗೆ ಕೊಯ್ದು, ನುಣ್ಣಗೆ ಉಜ್ಜಿ, ಮೆರುಗು ಕೊಟ್ಟು, ಸ್ಕ್ರೂ ಹಾಕಿ ಬಿಗಿದ. ಕುರ್ಚಿಗಳನ್ನು ಮಡಚಿ ನಿಲ್ಲಿಸಿದರೆ ಸಾಲಿಗೆ ಸಾಲೇ ಕನ್ನಡಿಯಂತೆ ಹೊಳೆಯಿತು. ಹೆಂಡತಿ ದಿಂಬು ತುಂಬಿದಳು, ಬಟ್ಟೆ ಹೊದಿಸಿದಳು. ಬಾಲ್ಕನಿಯ ಕುರ್ಚಿಗಳ ಸರದಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಯಜಮಾಂತಿ, "ಎಲ್ಲಿ, ನೋಡೇ ಬಿಡೋಣ" ಎಂದು ಬಂದು ಕೂತರು.

ಮಗಳು ಆರಿಸಿದ್ದು ಹಳೆಯದೊಂದು ದೋಣಿಯವನ ಕಥೆ. ಮಾತು ಕಡಿಮೆ, ಪಿಸುಮಾತು ಹೆಚ್ಚು. ದೀಪ ಆರಿತು. ತೆರೆಯ ಮೇಲೆ ಹೊಳೆ ಹರಿಯಿತು. ದೋಣಿಯವನ ತಂಗಿ ದಡದಲ್ಲಿ ನಿಂತು ಬಾಯಿ ತೆರೆದಳು, ಅಷ್ಟೇ. ಅವಳ ಮಾತು ಹಿಂದಿನ ಗೋಡೆಗೆ ಹೋಗಿ ಬಡಿದು, ತಿರುಗಿ ಬಂದು, ಎದುರಿಗೆ ಬರುತ್ತಿದ್ದ ತನ್ನದೇ ಇನ್ನೊಂದು ಮಾತಿಗೆ ಡಿಕ್ಕಿ ಹೊಡೆಯಿತು. ದೋಣಿಯವನು ಉತ್ತರ ಕೊಟ್ಟ. ಅದು ಬಾವಿಯೊಳಗೆ ಬಿಂದಿಗೆ ಉರುಳಿದ ಹಾಗೆ ಕೇಳಿಸಿತು.

ಯಜಮಾಂತಿ ಸ್ವಲ್ಪ ಹೊತ್ತು ಸಹಿಸಿದರು. ಆಮೇಲೆ ಎದ್ದು ನಿಂತರು.

"ಅಲ್ಲ, ಆ ಹುಡುಗಿ ಒಬ್ಬಳೇ ಮಾತಾಡ್ತಾ ಇದ್ದಾಳೋ, ಅವಳ ಅತ್ತೆ ನಾದಿನಿಯರೆಲ್ಲ ಒಟ್ಟಿಗೇ ಬಾಯಿ ಹಾಕ್ತಾ ಇದ್ದಾರೋ? ಒಂದು ಅಕ್ಷರ ತಿಳಿಯಲಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾಸಿಯಿತ್ತು. "ನೀನು ಕಷ್ಟ ಬಿದ್ದಿದ್ದೀಯ ಮಗಳೇ, ಇಲ್ಲ ಅನ್ನಲ್ಲ. ಆದರೆ ಈ ಹಾಲ್‌ಗೆ ವಯಸ್ಸಾಗಿದೆ. ನಾಳೆ ಮಧ್ಯಾಹ್ನ ಗೋದಾಮಿನವನಿಗೆ ಅಳತೆಗೆ ಬಾ ಅಂತ ಹೇಳ್ತೀನಿ."

ಅವರು ಹೋದ ಮೇಲೆ ಮಗಳು ತೆರೆಯ ಬಳಿ ಹೋಗಿ ಸ್ಪೀಕರಿನ ಪೆಟ್ಟಿಗೆಯನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. "ನಾನೇ ಸರಿಯಾಗಿ ಕಲೀಲಿಲ್ಲ ಅಪ್ಪಾ," ಎಂದಳು, ಮುಖ ತೋರಿಸದೆ. ಬಿರಡೆಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾದರೂ ಹೀಗೇ, ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು.

ಆಗ ಹೆಂಡತಿ ಬಾಲ್ಕನಿಯ ಮೆಟ್ಟಿಲಿಳಿದು ಬಂದಳು. ಮೇಲಿನ ಕುರ್ಚಿಗಳಿಗೆ ಬಟ್ಟೆ ಎಷ್ಟು ಬೇಕೆಂದು ನೋಡಲು ಹೋದವಳು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಆ ಅಣ್ಣ ತಂಗಿಗೆ ಮೆತ್ತಗೆ ಹೇಳ್ತಾನಲ್ಲ, ನೀನು ತಿರುಗಿ ನೋಡ್ಬೇಡ, ನೋಡಿದ್ರೆ ನನ್ನ ಕೈ ಹುಟ್ಟು ಹಾಕಲ್ಲ ಅಂತ. ನನಗೆ ತಡೆಯೋಕೇ ಆಗಲಿಲ್ಲ. ಯಾಕೆ, ಏನಾಯ್ತು? ಯಾಕೆ ಸಿನಿಮಾ ನಿಲ್ಲಿಸಿದ್ರಿ?"

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು.

"ಅಮ್ಮಾ, ನಿನಗೆ ಅದು ಕೇಳಿಸ್ತಾ?"

"ಕಿವಿ ಇದೆಯಲ್ಲೇ ನನಗೆ!"

ಎಲ್ಲರೂ ಮೇಲೆ ಓಡಿದರು. ಹಿಂದಿನಿಂದ ಮೊಣಕಾಲು ಹಿಡಿದುಕೊಂಡು, ಬಾಗಿಲಲ್ಲಿ ನಿಂತಿದ್ದ ಗೇಟಜ್ಜನೂ ಹತ್ತಿದ. ಆ ಗೇಟಿನಲ್ಲಿ ಟಿಕೆಟ್ ಹರಿಯುತ್ತಲೇ ಅವನ ತಲೆ ನೆರೆತಿತ್ತು. ಥಿಯೇಟರ್ ಮುಚ್ಚಿದ ಮೇಲೂ ದಿನಕ್ಕೊಮ್ಮೆ ಬಂದು ಬೀಗ ಮುಟ್ಟಿ ನೋಡಿ ಹೋಗುತ್ತಿದ್ದ. ಮಗಳು ಸಿನಿಮಾ ಮತ್ತೆ ಹಾಕಿದಳು. ನಿಜ. ಬಾಲ್ಕನಿಯಲ್ಲಿ ಮಾತು ಪಕ್ಕದಲ್ಲಿ ಕೂತವರು ಆಡಿದಷ್ಟು ಸ್ಪಷ್ಟ.

"ಹೀಗೇ," ಎಂದ ಗೇಟಜ್ಜ, ಉಸಿರು ಸುಧಾರಿಸಿಕೊಂಡು. "ಕೆಳಗೂ ಹೀಗೇ ಕೇಳಿಸ್ತಿತ್ತು. ಜೋರು ಮಳೆ ಬಂದ ದಿನ ಇಡೀ ಹಾಲಲ್ಲಿ ಒಬ್ಬರೋ ಇಬ್ಬರೋ ಇರ್ತಿದ್ರು. ಆಗಲೂ ಹೌಸ್‌ಫುಲ್ ಆದಾಗ ಕೇಳಿಸಿದ ಹಾಗೇ ಇರ್ತಿತ್ತು. ಅಮ್ಮಾವ್ರ ಅಜ್ಜ, ದೊಡ್ಡ ಯಜಮಾನ್ರು ಹೇಳೋರು, ಜನ ಬರದಿದ್ರೆ ಏನಂತೆ, ನಮ್ಮ ಕುರ್ಚಿಗಳೇ ಕೂತು ಕೇಳ್ತಾವೆ ಅಂತ. ನಾವು ತಮಾಷೆ ಅಂದ್ಕೊಂಡು ನಗ್ತಿದ್ವಿ."

ಬಿರಡೆಯ ಕೈ ಮುಂದಿನ ಸಾಲಿನ ಕುರ್ಚಿಯ ಮೇಲಿತ್ತು. ಮಡಚಿ ನಿಂತ ಕುರ್ಚಿಯ ಅಡಿಭಾಗ ತೆರೆಯ ಕಡೆಗೆ ಮುಖ ಮಾಡಿತ್ತು. ಅವನು ಬಗ್ಗಿ ಅದನ್ನು ತಡವಿದ. ಬೆರಳು ತಾನಾಗಿ ಒಂದು ತೂತಿನೊಳಗೆ ಹೋಯಿತು. ಒಳಗೆ ಮೆತ್ತನೆಯ ಹಳೆಯ ಹತ್ತಿ.

ಮಗಳು ಸಿನಿಮಾ ನಿಲ್ಲಿಸಿದ ಮೇಲೆ ಅವನು ಮೆಟ್ಟಿಲಿಳಿದ. ಕೆಳಗಿನ ಹಾಲ್‌ನ ನಡುವೆ, ತಾನು ಹೊಳಪು ಕೊಟ್ಟ ಹಲಗೆಗಳ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದ. ಸದ್ದು ಗೋಡೆಯಿಂದ ಹಲಗೆಗೆ, ಹಲಗೆಯಿಂದ ಗೋಡೆಗೆ ಹಾರಿ ಬಹಳ ಹೊತ್ತು ಅಲೆಯಿತು. ಮತ್ತೆ ಮೇಲೆ ಹತ್ತಿ ತಟ್ಟಿದ. ಸದ್ದು ತೊಡೆಯ ಮೇಲೆ ಮಲಗಿದ ಮಗುವಿನಂತೆ ಅಲ್ಲೇ ಅಡಗಿತು.

ಅವನು ಅಲ್ಲೇ ಕೂತುಬಿಟ್ಟ. ಕೆಳಗೆ ಮಗಳು ಮತ್ತೆ ಸ್ಪೀಕರಿನ ಹತ್ತಿರ ಹೋಗಿ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಸುಮ್ಮನಿದ್ದರೆ ಅದು ಸ್ಪೀಕರಿನ ತಪ್ಪಾಗಿ, ಹಾಲ್‌ನ ವಯಸ್ಸಿನ ತಪ್ಪಾಗಿ ಮುಗಿದುಹೋಗುತ್ತಿತ್ತು. ಜನ್ಮದಲ್ಲಿ ಅಷ್ಟು ಚೆಂದದ ಕೆಲಸ ಅವನು ಮಾಡಿರಲಿಲ್ಲ. ಅದನ್ನು ಬಿಚ್ಚುವುದೆಂದರೆ ತನ್ನ ಚರ್ಮ ತಾನೇ ಸುಲಿದುಕೊಂಡ ಹಾಗೆ. ಆದರೆ ಆ ತೂತುಗಳನ್ನು ಕೊರೆದವನ ನೆನಪು ಅವನನ್ನು ಬಿಡಲಿಲ್ಲ. ಯಾರೋ ಏನೋ, ಹೆಸರೂ ತಿಳಿಯದು. ತುಂಬಿದ ಹಾಲ್‌ನಲ್ಲಿ ಜನರ ಮೈಯೇ ಸದ್ದನ್ನು ಹೀರಿಕೊಳ್ಳುತ್ತದೆ. ಖಾಲಿ ಕುರ್ಚಿಯಲ್ಲಿ ಆ ಕೆಲಸ ತೂತಿನೊಳಗಿನ ಹತ್ತಿಯದು. ಆ ಮನುಷ್ಯ ಯೋಚಿಸಿದ್ದು ಯಾರೂ ಬಾರದ ದಿನದ ಬಗ್ಗೆ. ಮಳೆಯಲ್ಲಿ ನೆನೆದು ಒಬ್ಬನೇ ಬಂದು ಕೂತವನಿಗೂ ಊರೆಲ್ಲ ಜೊತೆಗಿದ್ದ ಹಾಗೆಯೇ ಮಾತು ಮುಟ್ಟಬೇಕೆಂದು ಒಂದೊಂದು ಆಸನಕ್ಕೂ ಕಿವಿ ಕೊರೆದಿದ್ದ. ಒಂಟಿಯಾಗಿ ಕೂತು ಮಾಡಿದ ಪ್ರಾರ್ಥನೆಯನ್ನೂ ಮೇಲಿರುವವನು ಅಷ್ಟೇ ಗಮನವಿಟ್ಟು ಕೇಳುತ್ತಾನೆಂದು ಬಿರಡೆ ಎಳವೆಯಿಂದ ನಂಬಿದ್ದ. ಆ ನಂಬಿಕೆಯನ್ನು ಮರದಲ್ಲಿ ಮಾಡಿಟ್ಟವನೊಬ್ಬ ಇದ್ದನಲ್ಲ! ತಾನು ಅದಕ್ಕೆ ಮುಚ್ಚಳ ಹಾಕಿದ್ದ.

"ಮಗಳೇ," ಎಂದು ಕೂಗಿದ. "ಆ ಪೆಟ್ಟಿಗೆಯನ್ನ ಬಿಡು. ಅದರ ತಪ್ಪೇನಿಲ್ಲ. ನಿನ್ನದೂ ಇಲ್ಲ. ಈ ಕುರ್ಚಿಗಳ ಕಿವಿಗೆ ಹಲಗೆ ಹೊಡೆದವನು ನಾನು."

ಅವನು ಬಿಡಿಸಿ ಹೇಳಿದ್ದನ್ನೆಲ್ಲ ಮಗಳು ಕೇಳಿಕೊಂಡಳು. ಮುಖ ಕೆಂಪಾಯಿತು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ.

"ಅಪ್ಪಾ," ಎಂದಳು ಅವಳು, "ನಮ್ಮನೆ ಬಾಗಿಲಿನ ಬೀಗದ ತೂತಿಂದ ಗಾಳಿ ಬರುತ್ತೆ ಅಂತ ಮೇಣ ತುಂಬಿದ್ಯಲ್ಲ, ನೆನಪಿದೆಯಾ? ನಾನೂ ಅಮ್ಮನೂ ಕಿಟಕಿ ಹತ್ತಿ ಒಳಗೆ ಬಂದಿದ್ವಿ."

"ನನ್ನ ಸೀರೆ ಹರಿದಿತ್ತು," ಎಂದಳು ಹೆಂಡತಿ. "ಇವತ್ತಿಗೂ ಹೊಸದು ಕೊಡಿಸಿಲ್ಲ ಮಹಾರಾಯ್ರು."

ಮೊದಲು ನಕ್ಕಿದ್ದು ಗೇಟಜ್ಜ. ಆಮೇಲೆ ಮಗಳು. ನಗುತ್ತ ನಗುತ್ತ ಅವಳ ಕಣ್ಣಲ್ಲಿ ಅಷ್ಟು ಹೊತ್ತು ನಿಂತಿದ್ದ ನೀರು ಇಳಿಯಿತು.

ಮರುದಿನ ಬೆಳಗಾಗುತ್ತಲೇ ಹಾಲ್‌ನಲ್ಲಿ ಸ್ಕ್ರೂ ಬಿಚ್ಚುವ ಸದ್ದು. ಸುದ್ದಿ ಕೇಳಿ ದರ್ಜಿ ಬಂದ, ಟೀ ಅಂಗಡಿಯವನು ಕೆಟಲ್ ಸಮೇತ ಬಂದ.

"ಬಿರಡೆ ಬಿಚ್ಚೋದನ್ನ ನೋಡೋಕೆ ಪುಣ್ಯ ಮಾಡಿರಬೇಕು ಕಣಪ್ಪ," ಎಂದ ದರ್ಜಿ. "ಇದಕ್ಕೇ ಟಿಕೆಟ್ ಇಡಬಹುದು!"

"ಬಾಯಿ ಸ್ವಲ್ಪ ಮುಚ್ಕೊಂಡು ಕೈ ಆಡಿಸು ಮಾರಾಯ."

"ನೋಡಿದ್ರಾ! ಏನಾದ್ರೂ ಒಂದು ಮುಚ್ಚಿಸದೇ ಇವನಿಗೆ ಸಮಾಧಾನ ಇಲ್ಲ."

ಬಿರಡೆಗೂ ನಗು ಬಂತು. ಬಿಚ್ಚಿದ ಹಲಗೆಯನ್ನು ಒಂದರ ಮೇಲೊಂದು ಜೋಡಿಸುವಾಗ ಮಾತ್ರ ಅವನ ಅಂಗೈ ಆ ನುಣುಪಿನ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಮತ್ತು ನಡುವಿನ ಸಾಲುಗಳು ಮುಗಿದವು. ತೆರೆಯ ಹತ್ತಿರದ ಸಾಲುಗಳು ಉಳಿದಿದ್ದಾಗಲೇ ಯಜಮಾಂತಿ ಬಂದರು. ಜೊತೆಗೆ ಗೋದಾಮಿನವನು, ಕೈಯಲ್ಲಿ ಅಳತೆಯ ಟೇಪು.

"ಅಮ್ಮಾವ್ರೇ, ಇನ್ನೊಂದು ಸಲ ಕೇಳಿ," ಎಂದ ಬಿರಡೆ, ಕೈ ಒರೆಸಿಕೊಂಡು. "ನಿನ್ನೆ ಕೆಡಿಸಿದ್ದು ನಾನು, ನನ್ನ ಮಗಳಲ್ಲ. ನನ್ನ ತಪ್ಪಿಗೆ ಅವಳಿಗೆ ಶಿಕ್ಷೆ ಬೇಡ."

"ನಿನ್ನೆಯ ತಲೆನೋವೇ ಇಳಿದಿಲ್ಲ ನನಗೆ."

"ಅವರು ಅಳೆಯೋ ತನಕ ಕೂತಿರಿ, ಅಷ್ಟೇ. ಸರಿಯಿಲ್ಲ ಅನ್ನಿಸಿದ್ರೆ ಎದ್ದು ಹೋಗಿ. ನಾನು ಮತ್ತೆ ಬಾಯಿ ಬಿಡಲ್ಲ."

ಯಜಮಾಂತಿ ನಿಟ್ಟುಸಿರು ಬಿಟ್ಟು ನಡುವಿನ ಸಾಲಿನಲ್ಲಿ ಕೂತರು. ದೀಪ ಆರಿತು. ಹೊಳೆ ಹರಿಯಿತು. ಬಿರಡೆ ಗೋಡೆಗೆ ಒರಗಿ ನಿಂತು, ಬಾಯಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದ. ದೋಣಿಯವನ ತಂಗಿ ಬಾಯಿ ತೆರೆದಳು. ಮಾತು ಬಂತು. ಒಂದೇ ಸಲ ಬಂತು, ಬಂದು ಕಿವಿಯಲ್ಲಿ ಕೂತಿತು. ಅಣ್ಣ ಉತ್ತರ ಕೊಟ್ಟ. ಹುಟ್ಟು ನೀರಿಗೆ ತಾಗಿದ ಸಣ್ಣ ಸದ್ದೂ ಕೇಳಿಸಿತು.

ಯಜಮಾಂತಿ ಅಲುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಬರೀ ಕೇಳತೊಡಗಿದರು.

ಗೋದಾಮಿನವನು ಗೋಡೆಯುದ್ದಕ್ಕೂ ಟೇಪು ಹಿಡಿದು ಹೊರಟಿದ್ದ. ಮೊದಲು ಬೇಗ ಬೇಗ ನಡೆದ. ಆಮೇಲೆ ತೆರೆಯ ಕಡೆ ತಿರುಗಿ ತಿರುಗಿ ನೋಡುತ್ತ ನಡೆದ. ಆಮೇಲೆ ನಿಂತ. ಕೊನೆಗೆ ಒಂದು ಸಾಲಿನ ತುದಿಯ ಕುರ್ಚಿಯನ್ನು ಸದ್ದಾಗದಂತೆ ಇಳಿಸಿ ಕೂತ. ಸಿನಿಮಾ ಅರ್ಧಕ್ಕೆ ಬಂದಾಗ ಯಜಮಾಂತಿ ಕಣ್ಣು ತೆರೆದು ಕೇಳಿದರು:

"ಏನಪ್ಪಾ, ಆಯ್ತಾ ಅಳತೆ?"

"ಶ್!" ಎಂದ ಅವನು, ತಿರುಗದೆ. "ಇರೀಮ್ಮಾ ಸ್ವಲ್ಪ. ಆಯಮ್ಮ ದೋಣಿ ಹತ್ತುತ್ತಾಳೋ ಇಲ್ವೋ ನೋಡೋಣ."

ಯಜಮಾಂತಿಯ ಭುಜ ಕುಲುಕಿತು. ಸೆರಗಿನಿಂದ ಬಾಯಿ ಒತ್ತಿಕೊಂಡು, ನಗು ಇಳಿಯುವವರೆಗೆ ಕಾದು, ಹಿಂದೆ ಯಂತ್ರದ ಕಿಂಡಿಯಿಂದ ಇಣುಕುತ್ತಿದ್ದ ಹುಡುಗಿಯ ಕಡೆ ತಿರುಗಿದರು.

"ಶುಕ್ರವಾರ ಶುರು ಮಾಡೇ. ಬೀದಿಗೆಲ್ಲ ಹೇಳಿ ಕಳಿಸು."

ಬಿರಡೆ ಮುಖ ಒರೆಸಿಕೊಂಡ. ಮುಂದಿನ ಸಾಲುಗಳು ಇನ್ನೂ ಹಾಗೇ ಇದ್ದವು. ಸ್ಕ್ರೂಡ್ರೈವರ್ ಹಿಡಿದು, ಬಗ್ಗಿಕೊಂಡು ಕತ್ತಲಲ್ಲಿ ಆ ಕಡೆ ಹೊರಟ.

"ಎಲ್ಲಿಗೋ ಹೊರಟೆ ಬಿರಡೆ? ತಲೆ ಅಡ್ಡ ಬರುತ್ತೆ," ಎಂದರು ಯಜಮಾಂತಿ. "ಕೂತ್ಕೋ. ಸಿನಿಮಾ ಮುಗೀಲಿ."

ಹೆಂಡತಿ ಪಕ್ಕದ ಕುರ್ಚಿಯನ್ನು ಇಳಿಸಿ ಹಿಡಿದಳು. ಅವನು ಕೂತ. ತೆರೆಯ ಮೇಲೆ ಆ ಹುಡುಗಿ ಒಂದು ಕಾಲು ದೋಣಿಯಲ್ಲಿಟ್ಟು, ಇನ್ನೊಂದು ಕಾಲು ದಡದಲ್ಲೇ ಇಟ್ಟು ನಿಂತಿದ್ದಳು.