ಒಂದು ಗುಂಡಿ, ಎರಡು ಬೀಗ

ಮಹಾನಗರ ಮುಗಿದು ಉಪನಗರ ಶುರುವಾಗುವ ಕಡೆ, ರಸ್ತೆ ಪಕ್ಕದ ಗುಂಡಿಯೊಳಗೆ ಒಂದು ವಾಲ್ವ್ ಇದೆ. ಅದನ್ನು ತಿರುಗಿಸಿದರೆ ಉಪನಗರಕ್ಕೆ ನೀರು. ತಿರುಗಿಸಬೇಕಾದವರು ಯಾರೆಂದು ನಗರದ ಪಾಲಿಕೆಯೂ ಉಪನಗರದ ಪುರಸಭೆಯೂ ಹನ್ನೊಂದು ತಿಂಗಳು ಕಿತ್ತಾಡಿ, ಕೊನೆಗೆ ಸಹಕಾರ ಸಮಿತಿ ಮಾಡಿಕೊಂಡವು. ಸಮಿತಿ ಮುಚ್ಚಳಕ್ಕೆ ಎರಡು ಬೀಗ ಹಾಕಿಸಿತು. ಒಂದರ ಕೀಲಿ ನಗರದ ನೀರುಗಂಟಿಗೆ, ಇನ್ನೊಂದರದು ಉಪನಗರದವನಿಗೆ. ಇಬ್ಬರೂ ಬಂದರಷ್ಟೇ ನೀರು.

ಉಪನಗರದ ನೀರುಗಂಟಿ ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಗುಂಡಿ ಕಾಯತೊಡಗಿದ. ಆ ಗುರುವಾರ ಎಂಟಾದರೂ ನಗರದವನ ಸುಳಿವಿಲ್ಲ. ಫೋನ್ ಮಾಡಿದರೆ, "ನಂಗೆ ವರ್ಗ ಆಯ್ತಣ್ಣಾ, ಕೀಲಿ ಆಫೀಸಿಗೆ ಒಪ್ಪಿಸ್ದೆ" ಎಂದ.

ಅಷ್ಟರಲ್ಲಿ ಉಪನಗರದ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳ ಕರೆ: "ಅಪ್ಪಾ, ಟ್ಯಾಂಕಿನ ತಳ ಕಾಣ್ತಿದೆ. ಇವತ್ತು ಮೂರು ಹೆರಿಗೆ ಇದೆ."

"ಒಂದು ಗಂಟೆ ತಡ್ಕೋಮ್ಮಾ."

ಅವನು ಸೈಕಲ್ ಏರಿ ಪಾಲಿಕೆಗೆ ಓಡಿದ. ಗುಮಾಸ್ತ ಡ್ರಾಯರ್ ಎಳೆದು ಕೀಲಿ ತೋರಿಸಿದ, ಕೊಡಲಿಲ್ಲ.

"ನೀವು ಪುರಸಭೆಯೋರು. ನಿಮ್ಗೆ ಕೊಡೋ ಹಾಗಿಲ್ಲ."

"ಹಾಗಾದ್ರೆ ನೀವೇ ಬನ್ನಿ."

"ನಾನು ನೀರುಗಂಟಿನಾ? ಹೊಸಬರನ್ನ ಸಮಿತಿ ಒಪ್ಪಬೇಕು. ಸಭೆ ಹದಿನೆಂಟನೇ ತಾರೀಕಿಗೆ."

"ಹೆರಿಗೆ ನೋವಿಗೂ ಹೇಳ್ತೀನಿ ಸ್ವಾಮಿ, ಹದಿನೆಂಟರವರೆಗೆ ತಡ್ಕೋ ಅಂತ!"

ಹೊರಗೆ ಬಂದು ತನ್ನ ಎಂಜಿನಿಯರಿಗೆ ಫೋನ್ ಹಚ್ಚಿದ. "ಅವರ ಬೀಗ ಮಾತ್ರ ಮುಟ್ಟಬೇಡಪ್ಪಾ, ಸಂಬಂಧ ಕೆಡತ್ತೆ" ಎಂದರು ಸಾಹೇಬರು.

"ಸಂಬಂಧ ಕೆಡೋಕೆ ಇದೇನು ಮದುವೆ ಮಾತುಕತೇನಾ ಸಾರ್?" ಎಂದು ಫೋನ್ ಇಟ್ಟ.

ಪಂಕ್ಚರ್ ಅಂಗಡಿಯಿಂದ ಸುತ್ತಿಗೆ ತಂದ. ತನ್ನ ಬೀಗವನ್ನು ಕೀಲಿಯಿಂದ ತೆಗೆದ. ನಗರದ ಬೀಗ ನಾಲ್ಕನೇ ಏಟಿಗೆ ಬಾಯಿಬಿಟ್ಟಿತು. ವಾಲ್ವ್ ತಿರುಗಿಸಿದ. ಹತ್ತೂಕಾಲಿಗೆ ಮಗಳು ಫೋನ್ ಮಾಡಿ, "ಬಂತಪ್ಪಾ" ಎಂದಷ್ಟೇ ಹೇಳಿದಳು. ಹಿಂದೆ ಕೂಸೊಂದು ಗಂಟಲು ಹರಿಯುವಂತೆ ಅಳುತ್ತಿತ್ತು.

ಸಂಜೆ ನಾಲ್ಕಕ್ಕೆ ಪುರಸಭೆಯ ಜವಾನ ಗುಂಡಿಯ ಬಳಿಗೇ ಬಂದು ಲಕೋಟೆ ಕೊಟ್ಟ. ಅಮಾನತು. ಒಂದೇ ಹಾಳೆಯಲ್ಲಿ ಎರಡೂ ಕಚೇರಿಗಳ ಮೊಹರು, ಎರಡೂ ಕಡೆಯ ಮುಖ್ಯಸ್ಥರ ಸಹಿ.

"ಇಷ್ಟು ಬೇಗ ಹೇಗಯ್ಯಾ?"

"ತುರ್ತು ಅಂತ ಸಮಿತಿ ಮಧ್ಯಾಹ್ನವೇ ಸೇರ್ತಣ್ಣಾ. ಒಬ್ರೂ ಎದುರಾಡ್ಲಿಲ್ಲ."

ನೀರುಗಂಟಿ ಆದೇಶವನ್ನು ಎರಡು ಸಲ ಓದಿದ. ಅಮಾನತಾದವನು ಇಂದಿನಿಂದ ವಾಲ್ವ್ ಮುಟ್ಟತಕ್ಕದ್ದಲ್ಲ ಎಂದಿತ್ತು. ದಿನದಂತೆ ಐದಕ್ಕೆ ಅವನು ವಾಲ್ವ್ ಮುಚ್ಚಬೇಕಿತ್ತು.

"ಸರಿ, ಮುಟ್ಟಲ್ಲ" ಎಂದು ಸೈಕಲ್ ಹತ್ತಿದ.

ಗುಂಡಿಯೊಳಗೆ ನೀರು ಭೋರೆಂದು ಉಪನಗರದ ಕಡೆಗೆ ಹೋಗುತ್ತಲೇ ಇತ್ತು.